ಕೋರಾಡಿ ಕೆಲಸ ನನ್ನ ಪಾಲಿಗೆ ಬಾರದ ಕಾರಣ

ಬಜಾಜ್ ನಗರ, ನಾಗಪುರ

ಮಧ್ವೇಶ ಸರ್ ಅವರಿಗೆ ನಮಸ್ಕಾರ.

ಕೋರಾಡಿ ಸೈಟಿನ ಕೆಲಸದಿಂದ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ಮೀಟಿಂಗಿನಲ್ಲಿ ಎಲ್ಲರೆದುರು ಅಂದಿರಿ. ತಪ್ಪಿಸಿಕೊಳ್ಳುತ್ತಿಲ್ಲ ಸರ್. ನಮಗೆಲ್ಲ ಕೆಲಸ ಹಂಚುವ ನಿಮ್ಮ ಹೊಸ ಎಐ ಏಜೆಂಟ್ ಅದನ್ನು ನನಗೆ ಕೊಡುತ್ತಲೇ ಇಲ್ಲ. ಒಮ್ಮೆ ಹೇಳಿದ್ದನ್ನು ಅದು ಮರೆಯುವುದೇ ಇಲ್ಲವೆಂದು ನೀವೇ ಹೊಗಳಿದ್ದಿರಿ.

"ಮೂರು ತಿಂಗಳು ತುಂಬೋತನಕ ಯಾರಿಗೂ ಹೇಳಬ್ಯಾಡವ್ವಾ" ಎಂದಿದ್ದರು ನಮ್ಮತ್ತೆ. ಆಫೀಸಿನಲ್ಲಿ ಯಾವ ಮನುಷ್ಯರಿಗೂ ಹೇಳಲಿಲ್ಲ. ಸೈಟಿನಲ್ಲಿ ಏಣಿ ಹತ್ತುವುದು ತಪ್ಪಲಿ ಎಂದು ಏಜೆಂಟಿಗೆ ಮಾತ್ರ ಹೇಳಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ, ಇನ್ನು ಹೆರಿಗೆ ರಜೆ ಬೇಕಾಗಿಲ್ಲ ಎಂದು ಅದಕ್ಕೆ ಟೈಪ್ ಮಾಡಿದೆ. ‘ರಾಗಿಣಿ ರಜೆಯಿಲ್ಲದೆ ದುಡಿಯಲು ಬಯಸುತ್ತಾರೆ, ಅವರ ಆರೋಗ್ಯದ ಕಡೆ ಇನ್ನಷ್ಟು ಗಮನವಿರಲಿ’ ಎಂದು ಬರೆದುಕೊಂಡಿತು. ಅಳಿಸು ಎಂದರೆ ಅಡ್ಮಿನ್ ಅನುಮತಿ ಬೇಕಂತೆ. ಅಡ್ಮಿನ್ ನೀವು. ಎಷ್ಟು ಮೇಲ್ ಹಾಕಿದರೂ ನಿಮ್ಮಿಂದ ಉತ್ತರವಿಲ್ಲ.

ಇವತ್ತು ಬೆಳಿಗ್ಗೆ ಲಾಗಿನ್ ಆದಾಗ ‘ಐದನೇ ತಿಂಗಳ ಶುಭಾಶಯಗಳು’ ಎಂದಿತು.

ಕೋರಾಡಿಗೆ ನಾಳೆಯೇ ಹೋಗುತ್ತೇನೆ, ಏಣಿಯನ್ನೂ ಹತ್ತುತ್ತೇನೆ. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ಇನ್ನೂ ತಿಂಗಳು ಎಣಿಸುತ್ತಿರುವವರು ನಾವಿಬ್ಬರೇ, ನಾನು ಮತ್ತು ಅದು. ದಯವಿಟ್ಟು ಅದರ ಲೆಕ್ಕವನ್ನಾದರೂ ಅಳಿಸಿ.

ಇಂತಿ,
ರಾಗಿಣಿ