ತಾತನ ಬೈಕು ಗುಜರಿಗಿಲ್ಲ

ಅಪ್ಪಾ,

ಗುಜರಿಯವನನ್ನು ಕರೆದುಕೊಂಡು ಬಂದಿದ್ದರೆ ಟೀ ಕೊಟ್ಟು ವಾಪಸ್ ಕಳಿಸಿ. ತಾತನ ಬೈಕು ಸತ್ತಿರಲಿಲ್ಲ. ನೀವು ಮುದ್ದಿನಿಂದ ಫ್ರೇಮಿಗೆ ಹೊಸ ಬಣ್ಣ ಬಳಿದು, ಅದರ ಮೇಲೆಯೇ ಬ್ಯಾಟರಿಯ ಅರ್ಥ್ ವೈರ್ ಬಿಗಿದಿದ್ದಿರಿ. ಬಣ್ಣದ ಮೂಲಕ ಕರೆಂಟು ಹರಿಯುತ್ತದೆಯೇ? ಪಾಪ, ಸುಮ್ಮನೆ ಪ್ಲಗ್ಗಿಗೆ ಬೈದಿರಿ!

ಬೋಲ್ಟಿನ ಅಡಿಯಲ್ಲಿ ಉಗುರಿನಷ್ಟು ಬಣ್ಣ ಕೆರೆದು ಕಿಕ್ ಹೊಡೆದೆ, ಗುಡುಗಿಬಿಟ್ಟಿತು. ಅಮ್ಮ ಸೌಟು ಹಿಡಿದೇ ಓಡಿಬಂದು, "ಅಯ್ಯೋ, ಇದಕ್ಕೆ ಜೀವ ಬಂತಲ್ಲೇ!" ಎಂದಳು.

ಕೆರೆದ ಜಾಗಕ್ಕೆ ಮತ್ತೆ ಬಣ್ಣ ಹಚ್ಚಿದರೆ ಮಾತು ಬಿಡುತ್ತೇನೆ. ಬಿಟ್ಟರೂ ಗೊತ್ತಾಗಲ್ಲ ಎಂದು ನಗಬೇಡಿ.

ಗಾಡಿಯನ್ನು ಶೆಡ್ಡಿನಲ್ಲಿ ಹುಡುಕಬೇಡಿ. ಕೆಲಸದ ಸಂದರ್ಶನಕ್ಕೆ ಅದರಲ್ಲೇ ಹೊರಟಿದ್ದೇನೆ. ಅಮ್ಮನೂ ಹಿಂದೆ ಕೂತಿದ್ದಾಳೆ, ಊಟ ನೀವೇ ಬಡಿಸಿಕೊಳ್ಳಿ. ಅಲ್ಲಿ ನನ್ನ ಬಾಯಿ ತೆರೆಯದೇ ಹೋದರೂ, ನಾನು ಬಂದದ್ದಂತೂ ಎಲ್ಲರಿಗೂ ಕೇಳಿಸುತ್ತದೆ.

ನಿಮ್ಮ ಗುಮ್ಮನಗುಸುಕಿ