ದೊರೆಸಾನಿಯ ಬಾಗಿಲ ಚಿಲಕ

ಹೊನ್ನಗುಂಡಿ, ಕೆಳಗಿನ ಊರು
ಇಳಿಗಾಲದ ನಂತರ ನೂರಾ ಎಂಬತ್ತೆರಡನೆಯ ವರ್ಷ, ಮೂರನೆಯ ಪಂಪಿನ ತಿಂಗಳು, ನಲವತ್ತೊಂದನೆಯ ದಿನ

ಹಿಂದಿನವರಿಗೆ,

ಇಂದು ಬೆಳಿಗ್ಗೆ ನಮ್ಮ ಮನೆಯ ಒಂದು ಚಿಲಕ ಹೊಳೆಯುತ್ತಿರುವುದನ್ನು ಕಂಡೆ. ನಮ್ಮ ಓಣಿಯಲ್ಲಿ ಎಲ್ಲ ಕೋಣೆಗಳಿಗೂ ಹೊರಗಡೆ ಹಿತ್ತಾಳೆಯ ಚಿಲಕವಿರುತ್ತದೆ. ಎಲ್ಲಾದರೂ ಹೊಗೆ ತುಂಬಿದರೆ ಆ ಕೋಣೆಯನ್ನು ಹೊರಗಿನಿಂದ ಮುಚ್ಚಲೆಂದು ಹಿರಿಯರು ಹಾಕಿಸಿದ್ದು. ನಾನು ಹುಟ್ಟಿದ ಮೇಲೆ ಹೊಗೆ ಬಂದಿಲ್ಲ; ಬಂಡೆಯ ಬೆವರಿಗೆ ಚಿಲಕಗಳೆಲ್ಲ ಕಿಲುಬು ಹಿಡಿದು ಹಸಿರಾಗಿವೆ. ಅಣ್ಣ ಅತ್ತಿಗೆಯ ಕೋಣೆಯದು ಮಾತ್ರ ಈಗಷ್ಟೇ ಹುಣಿಸೆಹಣ್ಣು ಹಾಕಿ ಉಜ್ಜಿದಂತಿತ್ತು. ಬೆರಳಿನಿಂದ ಸವರಿ ಮೂಸಿದೆ. ಹರಳೆಣ್ಣೆ.

ಇದರಿಂದಲೇ ಶುರು ಮಾಡಿದ್ದಕ್ಕೆ ಕ್ಷಮಿಸಿ. ಮೇಲಿನ ತಾರೀಖು ನಿಮಗೆ ಅಸಂಬದ್ಧವಾಗಿ ಕಾಣಬಹುದು. ನಮಗೆ ಚಂದ್ರ ಕಾಣುವುದಿಲ್ಲ. ದೊಡ್ಡ ಪಂಪನ್ನು ಒಮ್ಮೆ ತೊಳೆದು ನಡೆಸಿದಲ್ಲಿಂದ ಮತ್ತೆ ತೊಳೆಯುವವರೆಗಿನ ಕಾಲವನ್ನು ತಿಂಗಳು ಎನ್ನುತ್ತೇವೆ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಏಕೆಂದರೆ ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತೆನೇ ಹೊರತು ಕೇಳಿ ಕಲಿಯಲಿಲ್ಲ. ಸಾಹಿತ್ಯದಲ್ಲಿ ಪದವಿ ಮುಗಿಸಿದವರು ಹಿಂದಿನವರಿಗೆ ಒಂದು ಕಾಗದ ಬರೆದು, ಡಬ್ಬಿಯಲ್ಲಿಟ್ಟು, ನೀರು ತುಂಬಿದ ಹಳೆಯ ಗುಂಡಿಗೆ ಬಿಡಬೇಕೆಂಬುದು ಇಲ್ಲಿನ ರೂಢಿ. ಅದನ್ನು ಇಲ್ಲಿ ಯಾರೂ ಓದುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡಲಾರದ ನನಗೆ ಅದೇ ಧೈರ್ಯ.

ಮೇಲಿನ ಬಿಸಿಲು ಬದುಕಗೊಡದಾದಾಗ ನಮ್ಮ ಹಿರಿಯರು ಈ ಚಿನ್ನದ ಗಣಿಯೊಳಕ್ಕೆ ಇಳಿದು ಬಂದರು. ಇಳಿಗಾಲ ಎಂದರೆ ಅದೇ. ದೀಪದ ಹೊಲಗಳಲ್ಲಿ ರಾಗಿ ಬೆಳೆಯುತ್ತೇವೆ, ಕತ್ತಲ ಸುರಂಗಗಳಲ್ಲಿ ಅಣಬೆ. ದಿನಾ ಮುದ್ದೆ, ಅಣಬೆ ಸಾರು. ಹಬ್ಬ ಬಂದರೆ ಸಾರಿನ ಜೊತೆಗೆ ಅಣಬೆಯದೇ ಪಲ್ಯ. ಪ್ರತಿ ಓಣಿಗೂ ಗಾಳಿಪಾಲು ಇದೆ, ಅಂದರೆ ಕಿಂಡಿ ತೆರೆದು ಹೊಸ ಗಾಳಿ ಬಿಡುವ ಹೊತ್ತು. ಆಗ ಹೆಂಗಸರು ತಲೆಗೂದಲು ಬಿಚ್ಚಿಕೊಂಡು ಕಿಂಡಿಯ ಕೆಳಗೆ ಕೂರುತ್ತಾರೆ, ಮಕ್ಕಳು ಬಾಯಿ ತೆರೆದು ನಿಲ್ಲುತ್ತಾರೆ. ಹೆಣ್ಣುಮಕ್ಕಳಿಗೆ ನಾವು ಕಾಣದ ಮಳೆ ಮಂಜುಗಳ ಹೆಸರಿಡುವ ವಾಡಿಕೆ. ನಾನು ಸೋನೆ. ಅತ್ತಿಗೆ ಇಬ್ಬನಿ. ಇಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ಕೂಗಿದರೆ ದನಿ ಬಂಡೆಗೆ ಬಡಿದು ಓಣಿಯಿಂದ ಓಣಿಗೆ ಹೋಗುತ್ತದೆ, ಎಲ್ಲರೂ ಕೆಲಸ ಬಿಟ್ಟು ಕಿವಿಗೊಡುತ್ತಾರೆ, ಕೂಗಿದವರಿಗೆ ನಾಚಿಕೆಯಾಗುತ್ತದೆ.

ಇಳಿದ ಹೊಸತರಲ್ಲಿ ಜಗಳಗಳಾದವಂತೆ. ಗಾಳಿಗೆ, ನೀರಿಗೆ, ಮಲಗುವ ಜಾಗಕ್ಕೆ. ಮುಚ್ಚಿದ ಜಾಗದಲ್ಲಿ ಜಗಳಕ್ಕೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಹೆಣಗಳು ಬಿದ್ದ ಮೇಲೆ ಹಿರಿಯರು ಒಂದು ಕಟ್ಟಳೆ ತಂದರು. ಬದುಕಿರುವವರ ಮೇಲೆ ಯಾರೂ ಆರೋಪ ಹೊರಿಸಕೂಡದು. ಜಗಳವಾಡದೆ ಇರಲಾರೆವು ಎಂದರೆ ಊರಿಗೆಲ್ಲ ಒಂದೇ ಜಗಳ: ಹ್ಯಾರಿಯಟ್ ದೊರೆಸಾನಿಯನ್ನು ಕೊಂದವರು ಯಾರು?

ಆಕೆ ಸತ್ತದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ನಮ್ಮ ತಲೆಯ ಮೇಲೆಯೇ ಇದ್ದ ಗಣಿ ಬಂಗಲೆಯಲ್ಲಿ. ಗಂಡ ವಿಂಟರ್ ದೊರೆ ಗಣಿಯ ಮೇಲ್ವಿಚಾರಕ. ಒಂದು ಬೆಳಿಗ್ಗೆ ಬಟ್ಲರ್ ಅಂತೋಣಿ ಟೀ ತೆಗೆದುಕೊಂಡು ಹೋದಾಗ ದೊರೆಸಾನಿ ಮಲಗುವ ಕೋಣೆಯ ನೆಲದ ಮೇಲೆ, ತಲೆಯ ಹಿಂಬದಿಗೆ ಪೆಟ್ಟು ಬಿದ್ದು ಸತ್ತಿದ್ದಳು. ಸಾಕ್ಷ್ಯಗಳು ಮೂರು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ತಾನೇ ತೆಗೆದೆ ಎಂಬ ಬಟ್ಲರನ ಮಾತು. ವರಾಂಡದ ಕುರ್ಚಿಯ ಮೇಲೆ ಗಣಿಯ ಡಾಕ್ಟರ್ ಹೇಲ್ ಬಿಟ್ಟುಹೋಗಿದ್ದ ಕೈಗವಸು. ಬಾಗಿಲಿನ ಒಳಮೈಯಲ್ಲಿ, ಕೀಲಿನ ಬದಿಗೆ, ಕೆಳಗಡೆ, ಒಂದಿಷ್ಟು ಗೀರುಗಳು. ಅವು ನಾಯಿಯವು ಎಂದು ದೊರೆ ಹೇಳಿದ, ಡಾಕ್ಟರ್ ಹೌದೆಂದ. ಯಾರಿಗೂ ಶಿಕ್ಷೆಯಾಗಲಿಲ್ಲ.

ದೊರೆಯೇ ಕೊಂದನೆನ್ನುವವರು ದೊರೆ ಕಡೆ. ಹಾಗೆಯೇ ಡಾಕ್ಟರ್ ಕಡೆ, ಬಟ್ಲರ್ ಕಡೆ. ಕಡೆ ಎಂಬುದು ಹುಟ್ಟಿನಿಂದ ಬರುತ್ತದೆ, ಹೆಣ್ಣಿಗೆ ಮದುವೆಯಿಂದ ಬದಲಾಗುತ್ತದೆ. ನಮ್ಮದು ಬಟ್ಲರ್ ಕಡೆ. ಚಿಲಕದ ಕಥೆ ಕಟ್ಟಿದ್ದೇ ಬಟ್ಲರ್, ದೊರೆಯ ಮೇಲೆ ತಪ್ಪು ಹೊರಿಸಲು ಎಂಬುದು ನಮ್ಮ ವಾದ. ಪ್ರತಿ ಮಂಗಳವಾರ ಪಂಪಿನ ಚಾವಡಿಯಲ್ಲಿ ಸಭೆ. ಪಾಪಣ್ಣ ತಾತ ಮೂರು ತಲೆಮಾರಿನಿಂದ ಅದರ ಯಜಮಾನಿಕೆ ನಡೆಸುತ್ತ ಬಂದ ಮನೆಯವರು. ಸಭೆಗೆ ಮೊದಲು ನೀರು ತರುವ ಜಾಗದಲ್ಲೇ ವಾದದ ಬಿಸಿ ಏರಿರುತ್ತದೆ. “ಏನ್ರೀ, ನಿಮ್ಮ ಡಾಕ್ಟರಿಗೆ ಕೈಗವಸು ಸಿಕ್ತಾ, ಇಲ್ಲಾ ಇನ್ನೂ ಬರೀ ಕೈಲೇ ನಾಡಿ ನೋಡ್ತಿದಾನಾ?” ಎಂದು ಒಬ್ಬರೆಂದರೆ, “ಮೊದ್ಲು ನಿಮ್ಮ ಬಟ್ಲರಿಗೆ ಆ ಟೀ ಕೆಳಗಿಡೋಕೆ ಹೇಳಮ್ಮ, ಪಾಪ, ಮುನ್ನೂರು ಚಿಲ್ಲರೆ ವರ್ಷದಿಂದ ಕೈ ನೋಯ್ತಿರ್ತದೆ” ಎಂದು ಇನ್ನೊಬ್ಬರು.

ನಾನು ಚಾವಡಿಯಲ್ಲಿ ಒಮ್ಮೆಯೂ ಮಾತಾಡಿದವಳಲ್ಲ. ಕಂಬಕ್ಕೆ ಒರಗಿ ಕೇಳುತ್ತೇನೆ. ಕೇಳಿ ಕೇಳಿ ಒಂದು ಸಂಗತಿ ತಿಳಿದಿದೆ: ಇಲ್ಲಿ ಯಾರೂ ದೊರೆಸಾನಿಯ ವಿಷಯ ಮಾತಾಡುವುದಿಲ್ಲ. ಸೊಸೆ ಎದುರು ಮಾತಾಡಿದ ವಾರ ಅತ್ತೆಯಾದವಳು ಬಟ್ಲರನನ್ನು ಉಂಡ ಮನೆಗೆ ಎರಡು ಬಗೆದವನು ಎಂದು ಸೀಳಿಹಾಕುತ್ತಾಳೆ. ಪಂಪಿನ ಮೇಸ್ತ್ರಿಯ ಮೇಲೆ ಸಿಟ್ಟಿದ್ದವರು ದೊರೆಯನ್ನು ಹಿಡಿದು ಜಗ್ಗುತ್ತಾರೆ. ಬೈದು ಮುಗಿದ ಮೇಲೆ ಎಲ್ಲರ ಮುಖವೂ ಸ್ನಾನ ಮಾಡಿದಂತೆ ಹಗುರಾಗಿರುತ್ತದೆ. ಮನೆಗೆ ಹೋಗಿ ಅದೇ ಸೊಸೆಯೊಡನೆ, ಅದೇ ಮೇಸ್ತ್ರಿಯೊಡನೆ ಬಾಳುತ್ತಾರೆ. ಕಟ್ಟಳೆ ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದು ನಾನೂ ನಂಬಿದ್ದೆ.

ಮೂರು ವಾರದ ಹಿಂದೆ ಅತ್ತಿಗೆ ಎದ್ದು ನಿಂತಳು. ಮದುವೆಯಾಗಿ ಬಂದ ಮೇಲೆ ಮೊದಲ ಸಲ. ಬಟ್ಲರ್ ಕಡೆಯವಳಾಗಿ ಚಿಲಕ ಸುಳ್ಳು ಎನ್ನಬೇಕಿತ್ತು. ಅವಳು ಗೀರುಗಳ ವಿಷಯ ತೆಗೆದಳು. “ಅವು ನಾಯಿಯವಲ್ಲ. ನಾಯಿ ಬಾಗಿಲು ಬಿಚ್ಚಿಕೊಳ್ಳೋ ಕಡೆ ಕೆರೀತದೆ, ಹೊರಗೆ ಹೋಗ್ಬೇಕಲ್ಲ ಅದಕ್ಕೆ. ಈ ಗೀರು ಕೀಲಿನ ಕಡೆ ಇವೆ. ಕೂತವರ ಕೈಮಟ್ಟಕ್ಕೆ. ಕೂಡಿ ಹಾಕಿದ ಹೆಂಗಸು ಅಲ್ಲೇ ಕೂರ್ತಾಳೆ. ಬಾಗಿಲು ಒಳಕ್ಕೆ ತೆಗೆದವನಿಗೆ ತಕ್ಷಣ ಕಾಣದ ಜಾಗ ಅದೊಂದೇ” ಎಂದಳು. ಮತ್ತೆ, “ಬಳೆ ಇದ್ದರೆ ಬಳೇಲಿ ಗೀರ್ತಾಳೆ. ಯಾಕೆ ಅಂದ್ರೆ ಹೇಳೋಕೆ ಬರಲ್ಲ. ಕೈ ಸುಮ್ನಿರಲ್ಲ” ಎಂದಳು.

ಚಾವಡಿಯಲ್ಲೆಲ್ಲ ಚಪ್ಪಾಳೆ ಬಿತ್ತು. ಮುನ್ನೂರು ಚಿಲ್ಲರೆ ವರ್ಷದಲ್ಲಿ ಯಾರಿಗೂ ಹೊಳೆಯದ್ದು ಇವಳಿಗೆ ಹೊಳೆಯಿತಲ್ಲ ಎಂದರು. ದೊರೆ ಕಡೆಯ ಒಬ್ಬಾತ, “ಚಲಪತಿ, ನಿನ್ನ ಹೆಂಡ್ತೀನ ನಮ್ಮ ಕಡೆಗೆ ಕೊಟ್ಬಿಡಪ್ಪ, ವಾದ ಗೆದ್ದ ಹಾಗೇನೆ” ಎಂದು ನಗಿಸಿದ. ಚಲಪತಿ ನನ್ನ ಅಣ್ಣ. ಅವನೂ ನಕ್ಕ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ದಾರಿಯಲ್ಲಿ ಅತ್ತಿಗೆಯ ಹೆಗಲ ಮೇಲೆ ಕೈ ಹಾಕಿಕೊಂಡೇ ಬಂದ. “ತುಂಬಾ ಬುದ್ಧಿವಂತೆ ಆಗಿಬಿಟ್ಟೆ ಕಣೆ” ಎಂದು ಮೆಲ್ಲಗೆ ಹೇಳಿದ್ದು ಹಿಂದೆ ಬರುತ್ತಿದ್ದ ನನಗೆ ಕೇಳಿಸಿತು. ಮುಂದಿನ ಮಂಗಳವಾರ ಅತ್ತಿಗೆಗೆ ಜ್ವರ ಎಂದ. ಅದರ ಮುಂದಿನ ಮಂಗಳವಾರವೂ. ನಾನು ನಂಬಿದೆ, ನಂಬುವುದು ಸುಲಭವಾಗಿತ್ತು. ಮುದ್ದೆಯ ತಟ್ಟೆ ಒಳಗೆ ಹೋಗುತ್ತಿತ್ತು, ಖಾಲಿಯಾಗಿ ಹೊರಗೆ ಬರುತ್ತಿತ್ತು, ಎರಡನ್ನೂ ಅಣ್ಣನೇ ಮಾಡುತ್ತಿದ್ದ. ಓಣಿಯ ಹೆಂಗಸರು, ಗಂಡ ಅಂದ್ರೆ ಹಿಂಗಿರ್ಬೇಕು ಎಂದು ಹೊಗಳುತ್ತಿದ್ದರು.

ಇಂದು ಅಣ್ಣ ಪಂಪಿನ ಪಾಳಿಗೆ ಹೋದ ಮೇಲೆ ಆ ಹೊಳೆಯುವ ಚಿಲಕವನ್ನು ಸರಿಸಿದೆ. ಎಣ್ಣೆ ಹಚ್ಚಿದ್ದರಿಂದ ಸದ್ದೇ ಬರಲಿಲ್ಲ. ಬಾಗಿಲು ತಳ್ಳಿ ನೋಡಿದರೆ ಕೋಣೆ ಖಾಲಿ. ಚಾಪೆ, ದಿಂಬು, ನೀರಿನ ಚೊಂಬು. ಜ್ವರದವಳು ಎಲ್ಲಿಗೆ ಹೋದಳೆಂದು ಒಂದು ಗಳಿಗೆ ತೋಚಲಿಲ್ಲ. ಆಮೇಲೆ ಬಾಗಿಲ ಹಿಂದೆ ನೋಡಿದೆ.

ಕೀಲಿನ ಬದಿಯ ಮೂಲೆಯಲ್ಲಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಬಾಗಿಲಿನ ಮೇಲೆ, ಅವಳ ಕೈ ಎಟುಕುವಲ್ಲಿ, ಬಣ್ಣ ಎದ್ದುಹೋಗಿತ್ತು. ನಾನೆಂದು ತಿಳಿದ ಮೇಲೂ ಅವಳು ಏಳಲಿಲ್ಲ. ಹೊರಗೆ ಬಾ ಎಂದು ಕೈ ಚಾಚಿದೆ. “ಎಲ್ಲಿಗೆ ಬರಲಿ ಸೋನೆ? ಕಿಂಡಿ ತನಕ ಬಂದು ಮತ್ತೆ ಇಲ್ಲೇ ತಾನೇ ಬರ್ಬೇಕು? ಇಡೀ ಊರಿಗೇ ಒಂದು ಬಾಗಿಲು” ಎಂದಳು. ಆಮೇಲೆ ನನ್ನನ್ನು ಸಮಾಧಾನ ಮಾಡುವವಳಂತೆ, “ಚಿಲಕ ಹಾಕ್ಬಿಡಮ್ಮ. ತೆಗೆದಿದ್ದು ಗೊತ್ತಾದ್ರೆ ಇನ್ನೂ ಕಷ್ಟ” ಎಂದಳು. ನಾನು ಹಾಕಿದೆ. ಈ ಕೈಯಿಂದಲೇ, ಈಗ ಬರೆಯುತ್ತಿರುವ ಕೈಯಿಂದಲೇ.

ಅಮ್ಮ ಒಲೆಯ ಮುಂದೆ ಅಣಬೆ ಸೋಸುತ್ತಿದ್ದಳು. ಅವಳಿಗೆ ಗೊತ್ತು. ನಾನು ಬಾಯಿ ತೆರೆಯುವ ಮೊದಲೇ, “ನೀನು ನೋಡ್ಲಿಲ್ಲ ಅಂದ್ಕೋ. ನಿಮ್ಮಪ್ಪನ ಕಾಲದಲ್ಲೂ ಆ ಚಿಲಕಕ್ಕೆ ಕಿಲುಬು ಹಿಡೀತಿರಲಿಲ್ಲ” ಎಂದು ಬುಟ್ಟಿಯಿಂದ ಕಣ್ಣೆತ್ತದೆ ಹೇಳಿದಳು. ನಾನು ಅವಳ ಪಕ್ಕದಲ್ಲಿ ಕೂತು ಒಂದಿಷ್ಟು ಅಣಬೆ ಸೋಸಿದೆ.

ಮಧ್ಯಾಹ್ನ ಪಾಪಣ್ಣ ತಾತನ ಮನೆಗೆ ಹೋದೆ. ಬದುಕಿರುವವರ ಹೆಸರು ಹೇಳುವ ಹಾಗಿಲ್ಲವಲ್ಲ, ಆದ್ದರಿಂದ ವಾದದ ಮಾತಿನಲ್ಲೇ ಕೇಳಿದೆ. “ತಾತ, ದೊರೆಸಾನಿ ಇನ್ನೂ ಬದುಕಿದ್ದಾಳೆ ಅಂತಿಟ್ಕೊಳ್ಳಿ. ಆ ಚಿಲಕ ಒಬ್ಬರ ಕಣ್ಣಿಗೆ ಬಿತ್ತು. ಅವರು ಏನು ಮಾಡ್ಬೇಕು?” ತಾತನ ಮುಖ ಅರಳಿತು. “ಬಾಯಿಲ್ಲದ ಹುಡುಗಿ ಅಂದ್ಕೊಂಡಿದ್ನಲ್ಲೇ! ಒಳ್ಳೇ ಪಾಯಿಂಟು ಮಗಾ, ಮಂಗಳವಾರ ಎತ್ತು. ನಿಮ್ಮ ಕಡೆಗೆ ಅನುಕೂಲ ಆಗ್ತದೆ” ಎಂದು ಬೆನ್ನು ತಟ್ಟಿ, ತಿನ್ನಲು ಹುರಿಹಿಟ್ಟಿನ ಉಂಡೆ ಕೊಟ್ಟರು. ದಾರಿಯುದ್ದಕ್ಕೂ ಅದನ್ನು ಕೈಯಲ್ಲಿ ಹಿಡಿದು ನಡೆದೆ.

ಹಾಗೆ ನಡೆಯುವಾಗ ಬಟ್ಲರ್ ಅಂತೋಣಿ ನೆನಪಾದ. ಅವನು ಕೊಂದ ಎಂದು ನಮ್ಮ ಮನೆ ಇಷ್ಟು ಕಾಲ ಹೇಳಿಕೊಂಡು ಬಂದಿದೆ. ಅವನು ಕೊಲ್ಲಲಿಲ್ಲವೆಂದು ನನಗೀಗ ತೋರುತ್ತದೆ. ದಿನಾ ಬೆಳಿಗ್ಗೆ ಚಿಲಕ ತೆಗೆದು ಟೀ ಇಟ್ಟಿರುತ್ತಾನೆ, ಆಕೆಯ ಮುಖ ನೋಡಿರುತ್ತಾನೆ, ಹೊರಗೆ ಬಂದು ಮತ್ತೆ ಚಿಲಕ ಹಾಕಿರುತ್ತಾನೆ. ಕೆಲಸ ಹೋದೀತೆಂಬ ಹೆದರಿಕೆ ಇದ್ದಿರಬೇಕು. ಆಕೆಯೇ ಹಾಕಿಬಿಡಪ್ಪ ಎಂದಿರಲೂಬಹುದು. ಆಕೆ ಸತ್ತ ದಿನ ಮಾತ್ರ ಚಿಲಕದ ವಿಷಯ ಬಾಯಿ ಬಿಟ್ಟ. ಆಗ ಅದು ಸಾಕ್ಷ್ಯವಾಯಿತು.

ಈ ಕಾಗದದಲ್ಲಿ ನಿಮಗೆ ಒಂದು ಬೇಡಿಕೆ ಬರೆಯಬೇಕೆಂದಿದ್ದೆ. ನೀವು ಆ ಕಾಲಕ್ಕೆ ನಮಗಿಂತ ಹತ್ತಿರದವರು. ಯಾವುದೋ ಬೀರುವಿನಲ್ಲಿ, ಯಾರದೋ ಅಜ್ಜಿಯ ನೆನಪಿನಲ್ಲಿ ನಿಜ ಇನ್ನೂ ಉಳಿದಿರಬಹುದು. ದಯವಿಟ್ಟು ಹುಡುಕಿ, ಕೊಂದವರು ಯಾರೆಂದು ನಿಮ್ಮ ಕಾಲದಲ್ಲೇ ಇತ್ಯರ್ಥ ಮಾಡಿಬಿಡಿ. ಆಗ ನಮಗೆ ವಾದಿಸಲು ಏನೂ ಉಳಿಯದೆ, ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ ಎಂದು ಕೇಳುವವಳಿದ್ದೆ. ಈಗ ಆ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೀವು ಹುಡುಕುವಷ್ಟು ಹೊತ್ತು ನನಗಿಲ್ಲ. ಅತ್ತಿಗೆ ಇನ್ನೂ ಬದುಕಿದ್ದಾಳೆ.

ಬದುಕಿರುವವರ ಹೆಸರನ್ನು ಚಾವಡಿಯಲ್ಲಿ ಎತ್ತಿದವರು ಕೆಳಗಿನ ಊರು ಬಿಟ್ಟು ಮೇಲಂತಸ್ತಿಗೆ ಹೋಗಬೇಕು. ಅದು ಗಣಿಯ ಬಾಯಿಗೆ ಹತ್ತಿರದ ಮಟ್ಟ, ಬಿಸಿಲಿನ ಝಳ ಬಂಡೆಯಲ್ಲಿ ಇಳಿದು ಬರುತ್ತದೆ. ಅಲ್ಲಿಗೆ ಕಳಿಸಿದವರನ್ನು ಮತ್ತೆ ಕೆಳಕ್ಕೆ ಕರೆಯುವುದಿಲ್ಲ. ಅಲ್ಲಿ ಸೆಕೆ ತಾಳದೆ ಮನೆಗಳಿಗೆ ಕದವನ್ನೇ ಇಡುವುದಿಲ್ಲವಂತೆ, ಬರೀ ಚಾಪೆ ಇಳಿಬಿಟ್ಟಿರುತ್ತಾರಂತೆ. ಹೋಗುವವರ ಜೊತೆ ಇಷ್ಟವಿದ್ದವರು ಹೋಗಬಹುದು, ತಡೆಯುವ ಹಕ್ಕು ಗಂಡನಿಗೂ ಇಲ್ಲ. ಕಟ್ಟಳೆಯ ಆ ಸಾಲನ್ನು ಯಾರೂ ಬಳಸಿದ್ದನ್ನು ನಾನು ಕೇಳಿಲ್ಲ.

ನನ್ನ ದನಿ ನಡುಗುತ್ತದೆ ಎಂಬುದು ಗೊತ್ತಿದೆ. ನಡುಗಿದರೂ ಒಂದು ಹೆಸರು ಹೇಳುವಷ್ಟು ಸಾಕು. ಮಂಗಳವಾರ ಬಟ್ಲರ್ ಕಡೆಯವರು ಯಾರ ಮೇಲೆ ಆರೋಪ ಹೊರಿಸುತ್ತೀರಿ ಎಂದು ತಾತ ಕೇಳಿದಾಗ, ಬಾಯಿಲ್ಲದ ಹುಡುಗಿಯ ಒಳ್ಳೆಯ ಪಾಯಿಂಟಿಗಾಗಿ ಎಲ್ಲರೂ ತಿರುಗಿ ನೋಡಿದಾಗ, ನಾನು ಕಂಬ ಬಿಟ್ಟು ಮುಂದೆ ಬಂದು ಅಣ್ಣನ ಹೆಸರು ಹೇಳುತ್ತೇನೆ.

ಈ ಡಬ್ಬಿಯನ್ನು ಗುಂಡಿಗೆ ಬಿಟ್ಟು ಬರಬೇಕು. ಪೆಟ್ಟಿಗೆಯಿಂದ ತೆಳ್ಳನೆಯ ಹತ್ತಿ ಸೀರೆಗಳನ್ನಷ್ಟೇ ಆರಿಸಿ, ನನ್ನವೂ ಅತ್ತಿಗೆಯವೂ ಸೇರಿಸಿ ಒಂದು ಗಂಟು ಕಟ್ಟಿದ್ದೇನೆ. ಅಮ್ಮನದು ಬೇರೆ ಗಂಟು, ಅವಳ ಕಣ್ಣಿಗೆ ಬೀಳುವಲ್ಲಿ ಇಟ್ಟಿದ್ದೇನೆ.

ಸೋನೆ