ಅವಳು ಅಮ್ಮಾ ಎಂದದ್ದು ಯಾರನ್ನು

ಅಂಗಡಿಯಿಂದ,
ಬುಧವಾರ, ಗಿರಾಕಿ ಇಲ್ಲದ ಮಧ್ಯಾಹ್ನ

ಪ್ರೀತಿಯ ಇವಳೇ,

ಹೆಸರು ಹಿಡಿದು ಬರೆದರೆ ಬೇರೆ ಯಾರಿಗೋ ಬರೆದ ಹಾಗಾಗುತ್ತದೆ, ಅದಕ್ಕೇ ಕಾಗದದಲ್ಲೂ ಇವಳೇ ಎಂದೇ ಶುರು ಮಾಡಿದ್ದೇನೆ. ಹೇಗಿದ್ದೀಯ? ಹಿಮ್ಮಡಿ ನೋವು ಕಡಿಮೆಯಾಯಿತೇ? ವಾರ್ಡಿನಲ್ಲಿ ಇಡೀ ದಿನ ನಿಂತೇ ಇರಬೇಕು ಎಂದಿದ್ದೆ. ನಾನೂ ನಿಂತು ದುಡಿಯುವವನೇ, ನನ್ನ ಮಾತು ಕೇಳು, ಚಪ್ಪಲಿಗೆ ಮೆತ್ತನೆಯ ಅಟ್ಟೆ ಹಾಕಿಸಿಕೊ. ಹಾಸ್ಟೆಲಿನ ಊಟದ ಬಗ್ಗೆ ಕೇಳುವುದಿಲ್ಲ, ಕೇಳಿದರೆ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತೀಯ. ಇಲ್ಲಿ ನಿನ್ನ ಅತ್ತೆ ಆರಾಮಾಗಿದ್ದಾಳೆ. ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ನಾನೂ ಚೆನ್ನಾಗಿದ್ದೇನೆ.

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಅವತ್ತಿನಿಂದ ನನ್ನ ತಲೆ ಕೊರೆಯುತ್ತಿದೆ. “ಅವಳು ಅಮ್ಮಾ ಅಂತ ಕರೆದ ಮೇಲೆ ಇನ್ನೆಂಥ ನರ್ಸಿಂಗ್ ಪರೀಕ್ಷೆ ರೀ, ಬಿಟ್ಟು ಬಂದ್ಬಿಡ್ತೀನಿ” ಎಂದೆ. ಬರುವ ಸೋಮವಾರ ಮೇಟ್ರನ್ ಹತ್ತಿರ ಮಾತಾಡುತ್ತೇನೆ ಎಂದೂ ಹೇಳಿದೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈ ಸೇರಬೇಕು. ಅವಳು ಕರೆದದ್ದು ನಿನ್ನನ್ನಲ್ಲ. ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ನೀನು ಅತ್ತರೆ ಏನಾದರೂ ಸುಳ್ಳು ಹೇಳಿ ಸಮಾಧಾನ ಮಾಡಿಬಿಡುತ್ತೇನೆ. ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ, ಸ್ವಲ್ಪ ತಾಳು. ಮೊದಲು ಮಗಳ ಸುದ್ದಿ ಕೇಳು.

ಈಗ ಬೂಟು ತಾನೇ ಹಾಕಿಕೊಳ್ಳುತ್ತಾಳೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಸರಿ ಮಾಡಲು ಹೋದೆಯೋ, ಮುಗಿಯಿತು, ಕಾಲುಚೀಲದಿಂದ ಮತ್ತೆ ಮೊದಲು. ಅದಕ್ಕೇ ಅದಲುಬದಲು ಬೂಟಿನಲ್ಲೇ ನಮ್ಮ ಮೆರವಣಿಗೆ ಹೊರಡುತ್ತದೆ. ಚಮಚ ಹಿಡಿದು ತಿನ್ನುತ್ತಾಳೆ, ಆದರೆ ತಟ್ಟೆಯಲ್ಲಿ ಅನ್ನ, ಪಲ್ಯ ಒಂದಕ್ಕೊಂದು ತಾಗಬಾರದು. ಬಚ್ಚಲಿಗೆ ಒಬ್ಬಳೇ ಹೋಗುವುದನ್ನೂ ಕಲಿತಳು, ನಮ್ಮ ಮನೆಯದಕ್ಕೆ ಮಾತ್ರ. ಹೊರಗೆಲ್ಲಾದರೂ ಹೋದರೆ ಮನೆಗೆ ಬರುವ ತನಕ ತಡೆದುಕೊಂಡು ಮುಖ ಕೆಂಪಾಗಿಸಿಕೊಳ್ಳುತ್ತಾಳೆ. ಶಿಶುವಿಹಾರದ ಟೀಚರ್ “ಬೇಕಾದ್ದನ್ನ ಬಾಯಿಬಿಟ್ಟು ಕೇಳೋದು ಕಲೀಲಿ, ಆಮೇಲೆ ಕರ್ಕೊಂಡು ಬನ್ನಿ” ಎಂದು ನಗುನಗುತ್ತಲೇ ವಾಪಸು ಕಳಿಸಿದರು. ಆಟಿಸಂ ಎಂಬ ಪದವನ್ನು ನಿನ್ನ ಅತ್ತೆ ಇನ್ನೂ ಬಾಯಿಗೆ ತಂದಿಲ್ಲ. ಯಾರಾದರೂ ಕೇಳಿದರೆ “ಅವಳಿಗೆ ಅವಳದೇ ಲೋಕ, ನಿಮಗೇನು ಕಷ್ಟ?” ಎಂದು ಬಾಯಿ ಮುಚ್ಚಿಸುತ್ತಾಳೆ. ನನಗೆ ಹಾಗೆ ಮುಚ್ಚಿಸಲು ಬರುವುದಿಲ್ಲ.

ತಲೆಕೂದಲಿನ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಈ ಬೀದಿಯ ಮಕ್ಕಳೆಲ್ಲ ನನ್ನ ಕೈಗೆ ತಲೆ ಕೊಟ್ಟೇ ದೊಡ್ಡವರಾದದ್ದು. ಅಳುವವರನ್ನು ನಗಿಸಿ, ಓಡುವವರನ್ನು ಹಿಡಿದು ಕತ್ತರಿಸಿದ್ದೇನೆ. ನನ್ನ ಮಗಳು ಮಾತ್ರ ಕತ್ತರಿ ಕಂಡರೆ ಕುರ್ಚಿಯಡಿ ಸೇರುತ್ತಾಳೆ, ಮಿಷನ್ ಸದ್ದಾದರೆ ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. ಕಿವಿಯ ಹಿಂದೆ ಕೂದಲು ಗಂಟುಗಟ್ಟಿದೆ, ಬಾಚಣಿಗೆ ತಾಗಿಸಲು ಬಿಡುವುದಿಲ್ಲ. ನಮ್ಮ ಕಾಯಂ ಗಿರಾಕಿ ಮೀಸೆ ಮೇಷ್ಟ್ರು ಮೊನ್ನೆ “ಏನಪ್ಪಾ, ಊರೋರ ತಲೆಯೆಲ್ಲ ಮಾಡ್ತೀಯ, ನಿನ್ನ ಮಗಳ ತಲೆ ನೋಡೋರಿಲ್ವಾ?” ಎಂದರು. ತಮಾಷೆಗೇ ಎಂದದ್ದು. ಅವತ್ತು ಅವರ ಮೀಸೆಯ ಒಂದು ಕಡೆ ಚೂರು ಗಿಡ್ಡವಾಯಿತು. ಬೇಕೆಂದೇ ಮಾಡಿದೆನೋ ಕೈ ತಪ್ಪಿತೋ, ನನಗೂ ಸರಿಯಾಗಿ ಗೊತ್ತಿಲ್ಲ.

ಈಗ ಆ ಮಾತಿಗೆ ಬರುತ್ತೇನೆ. ಭಾನುವಾರ ನೀನು ಫೋನ್ ಮಾಡಿದಾಗ ಅಂಗಡಿ ತುಂಬ ಜನ. ಕತ್ತರಿ, ಮಿಷನ್ ಬದಿಗಿಟ್ಟು ಬರೀ ಗಡ್ಡ ಕೆರೆಯುತ್ತಿದ್ದೆ, ಅವಳು ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದಳು. ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ‘ಅಮ್ಮಾ’ ಎಂದಳು. ನಾನು ಸೋಪಿನ ಕೈಯಲ್ಲೇ ಫೋನನ್ನು ಅವಳ ಬಾಯಿಗೆ ಹಿಡಿದೆ, ಮತ್ತೆ ಅಂದಳು, ನೀನೂ ಕೇಳಿದೆ. ಅರ್ಧ ಗಡ್ಡ ಕೆರೆಸಿಕೊಂಡವರೂ ಚಪ್ಪಾಳೆ ತಟ್ಟಿದರು. ನಿನ್ನಷ್ಟೇ ನಾನೂ ನಂಬಿದೆ ಮಾರಾಯ್ತಿ.

ನಿನ್ನೆ ಮಾತು ಕಲಿಸುವ ಮೇಡಂ ಹತ್ತಿರ ಕರೆದುಕೊಂಡು ಹೋಗಿ ಜಂಬದಿಂದ ಹೇಳಿದೆ. ಅವರು ಯೂನಿಫಾರ್ಮಿನಲ್ಲಿರುವ ನಿನ್ನ ಫೋಟೋವನ್ನು ನನ್ನಿಂದ ಇಸಿದುಕೊಂಡು ಮೇಜಿನ ಮೇಲಿಟ್ಟು “ಅಮ್ಮ ಎಲ್ಲಿ ಪುಟ್ಟಾ?” ಎಂದು ಕೇಳಿದರು. ಅವಳು ಫೋಟೋ ಕಡೆ ತಿರುಗಲೂ ಇಲ್ಲ. ಎದ್ದು ಗೋಡೆಯ ಕನ್ನಡಿಯ ಹತ್ತಿರ ಹೋಗಿ ತನ್ನ ಮುಖದ ಮೇಲೆ ಅಂಗೈ ಇಟ್ಟು ‘ಅಮ್ಮಾ’ ಎಂದಳು. ಬಾಯಾರಿದಾಗ ‘ನಮ್ಮಮ್ಮಂಗೆ ನೀರು ಬೇಕಾ’ ಎಂದಳು. ಥೇಟ್ ನಿನ್ನ ಅತ್ತೆ ಅವಳನ್ನು ಕೇಳುವ ರಾಗ. ಆಗ ನನಗೆ ಅರ್ಥವಾಯಿತು. ಬಾಮ್ಮಾ, ಏಳಮ್ಮಾ, ಹಾಲು ಕುಡಿಯಮ್ಮಾ, ಅಳಬೇಡ ಕಣಮ್ಮಾ ಎಂದು ಮೂರು ಹೊತ್ತೂ ನಾವು ಅವಳನ್ನೇ ಅಲ್ಲವೇ ಕರೆಯುವುದು? ನಾವಿಬ್ಬರೂ ಜಗಳವಾಡಿ ಇಟ್ಟ ಚಂದದ ಹೆಸರು ಆಸ್ಪತ್ರೆಯವರ ಬಾಯಲ್ಲಿ ಮಾತ್ರ ಇದೆ. “ಮಗು ತಪ್ಪು ಹೇಳ್ತಿಲ್ಲ, ನೀವು ಕಲಿಸಿದ್ದನ್ನೇ ಹೇಳ್ತಿದೆ” ಎಂದರು ಮೇಡಂ. ಅದು ಒಳ್ಳೆಯ ಸುದ್ದಿಯಂತೆ. ತನ್ನನ್ನು ತಾನು ಗುರುತಿಸಿ ಹೆಸರು ಹೇಳುವುದು ದೊಡ್ಡ ಮೆಟ್ಟಿಲಂತೆ. ಇರಬಹುದು. ನನಗೆ ಮಾತ್ರ ನಿನ್ನ ಅಳುವಿನ ದನಿಯೇ ಕಿವಿಯಲ್ಲಿತ್ತು.

ಹೊರಡುವಾಗ ಇನ್ನೊಂದು ಸಂಗತಿ ಆಯಿತು, ಅದನ್ನೂ ಹೇಳುತ್ತೇನೆ. ನಿನ್ನ ಫೋಟೋ ಎತ್ತಿಕೊಂಡು ಕಿವಿಗಿಟ್ಟುಕೊಂಡಳು. ಒಂದು ಗಳಿಗೆ ಹಾಗೇ ನಿಂತು ‘ಹಲೋ’ ಎಂದಳು. ಭಾನುವಾರ ಭಾನುವಾರ ನೀನು ಅವಳಿಗೆ ಮೊದಲು ಹೇಳುವ ಮಾತು ಅದೇ. ಅವಳ ಲೆಕ್ಕದಲ್ಲಿ ನೀನು ಹಲೋ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ನುಂಗಿಕೊಂಡು ಬಂದೆ.

ಆದ್ದರಿಂದ ಆತುರ ಪಡಬೇಡ. ಆ ಒಂದು ಮಾತನ್ನು ನಂಬಿ ತರಬೇತಿ ಬಿಟ್ಟು ಬಂದು, ಬಾಗಿಲಲ್ಲಿ ಅವಳು ನಿನ್ನ ಮುಖ ನೋಡದೆ ಪಕ್ಕದಿಂದ ಹಾದು ಹೋದರೆ ನೀನು ತಡೆದುಕೊಳ್ಳಲಾರೆ. ಬಿಟ್ಟರೆ ಮತ್ತೆ ಮೊದಲ ವರ್ಷದಿಂದ ಓದಬೇಕು. ಪರೀಕ್ಷೆ ಮುಗಿಸಿಕೊಂಡೇ ಬಾ. ನಾವು ಹೇಗೋ ಸುಧಾರಿಸುತ್ತೇವೆ. ನಿನ್ನ ಅತ್ತೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಸೊರಗಬೇಡ, ಹೊತ್ತಿಗೆ ಸರಿಯಾಗಿ ತಿನ್ನು ಎಂದು ಗದರಿದ್ದಾಳೆ. ಮಗಳ ಪರವಾಗಿ ಮುತ್ತು ಕಳಿಸೋಣವೆಂದರೆ ಅವಳಿಗೆ ಮುತ್ತು ಸೇರದು, ಅದಕ್ಕೆ ನನ್ನದನ್ನೇ ಎರಡು ಸೇರಿಸಿಕೊ.

ಇಂತಿ,
ನಿನ್ನ ‘ರೀ’

ವಿ.ಸೂ.: ಮೀಸೆ ಮೇಷ್ಟ್ರು ಈಗಷ್ಟೇ ಬಂದು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಅವಳು ಗೋಡೆಗೆ ತಲೆ ಚಚ್ಚಿಕೊಂಡಳು. ಏನು ಬೇಕೆಂದು ಕೇಳಿದೆ, ನೀರು ಕೊಟ್ಟೆ, ದೀಪ ಆರಿಸಿದೆ, ಅಪ್ಪಿಕೊಂಡೆ, ಕಚ್ಚಿದಳು. ಕೊನೆಗೆ ಗೋಡೆಗೂ ಅವಳ ಹಣೆಗೂ ನಡುವೆ ನನ್ನ ಕೈ ಇಟ್ಟುಕೊಂಡು ಕೂತೆ. ಅವಳಾಗಿಯೇ ನಿಲ್ಲಿಸುವ ತನಕ ನನಗೆ ಬೇರೇನೂ ತೋಚಲಿಲ್ಲ. ಅವಳಿಗೆ ಏನು ನೋಯುತ್ತಿತ್ತೆಂದು ಇನ್ನೂ ಗೊತ್ತಾಗಿಲ್ಲ. ಬಲಗೈ ಬಾತುಕೊಂಡಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ಪರೀಕ್ಷೆ ಮುಗಿಸಿಕೊಂಡು ಬಾ ಎಂದು ಮೇಲೆ ಬರೆದದ್ದು ದೊಡ್ಡ ಮನುಷ್ಯನ ಹಾಗೆ ಬರೆದದ್ದು, ಅದನ್ನು ಹೊಡೆದುಹಾಕಿಕೊಂಡು ಓದು. ನನ್ನ ಕೈಲಾಗುತ್ತಿಲ್ಲ ಕಣೇ. ಅವಳು ಕರೆಯದಿದ್ದರೂ ನಾನು ಕರೆಯುತ್ತಿದ್ದೇನೆ, ಬಂದುಬಿಡು.